ಮುಂಬೈ–ಲಕ್ಷದ್ವೀಪ ಹಡಗು: ದಡ ಮುಟ್ಟದ ದಿನ ಎಲ್ಲಿ ಕೂರಬೇಕು, ಯಾವ ಕ್ಯಾಬಿನ್ ಹಿಡಿಯಬೇಕು?

ಬಸವನಗುಡಿ_ಬೆಂಚು
ಡಿಸೆಂಬರ್ ಕೊನೆಯ ವಾರ, ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಹಡಗು. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಪೂರ್ತಿ ಕಡಲಿನ ಮೇಲೆಯೇ. ಮೂವರು ಇದ್ದೇವೆ, ಇಬ್ಬರಿಗೆ 65 ದಾಟಿದೆ. ಡಿಜೆ, ತಂಬೋಲ ಯಾವುದೂ ಬೇಡ. ಕುರ್ಚಿ ಹಾಕಿಕೊಂಡು ನೀರು ನೋಡುತ್ತಾ ಕೂತರೆ ಸಾಕು. ಕ್ಯಾಬಿನ್ ಇನ್ನೂ ಬುಕ್ ಮಾಡಿಲ್ಲ. ಯಾವ ಡೆಕ್, ಯಾವ ಮಗ್ಗುಲು ತಗೊಳ್ಳಬೇಕು? ಹೊಟ್ಟೆ ತೊಳಸದ ಹಾಗೆ ಏನು ಮಾಡಬೇಕು? ಅಷ್ಟು ಜನರ ನಡುವೆ ಸದ್ದಿಲ್ಲದ ಜಾಗ ಅಂತ ಇರುತ್ತದಾ?

ಚುಕ್ಕಾಣಿ
ಮೊದಲು ನಕ್ಷೆ ನೋಡಿಬಿಡಿ ಸರ್, ಅರ್ಧ ಉತ್ತರ ಅಲ್ಲೇ ಇದೆ. ಮುಂಬೈ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶ, ಲಕ್ಷದ್ವೀಪದ ಅಗತ್ತಿ ದ್ವೀಪ 11ಕ್ಕಿಂತ ಸ್ವಲ್ಪ ಕೆಳಗೆ. ರೇಖಾಂಶ ಎರಡಕ್ಕೂ 72ರ ಆಸುಪಾಸು. ಹಾಗಾಗಿ ಹಡಗು ಹೆಚ್ಚುಕಡಿಮೆ ನೆಟ್ಟಗೆ ದಕ್ಷಿಣಕ್ಕೆ ಹೋಗುತ್ತದೆ. ಒಂದು ಡಿಗ್ರಿ ಅಕ್ಷಾಂಶಕ್ಕೆ 60 ನಾಟಿಕಲ್ ಮೈಲು, ಒಟ್ಟು 490ರಷ್ಟು. 16 ನಾಟ್ ವೇಗ ಅಂದರೆ ಗಂಟೆಗೆ ಸುಮಾರು 30 ಕಿ.ಮೀ.; 30–31 ಗಂಟೆ ಹಿಡಿಯುತ್ತದೆ. ಸಂಜೆ 5ಕ್ಕೆ ಮುಂಬೈ ಬಿಟ್ಟರೆ ಮರುದಿನ ರಾತ್ರಿಯವರೆಗೂ ನೀರೇ.

ದಕ್ಷಿಣಕ್ಕೆ ಮುಖ ಮಾಡಿದ ಹಡಗಿಗೆ ಎಡ ಮಗ್ಗುಲು ಪೂರ್ವ, ಬಲ ಮಗ್ಗುಲು ಪಶ್ಚಿಮ. ಬೆಳಿಗ್ಗೆ ಬಲಗಡೆ ನೆರಳು, ಮಧ್ಯಾಹ್ನ ಎರಡರ ಮೇಲೆ ಎಡಗಡೆ ನೆರಳು. ಡಿಸೆಂಬರಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುವುದಿಲ್ಲ, ದಕ್ಷಿಣಕ್ಕೆ ವಾಲಿರುತ್ತಾನೆ, ಅಂದರೆ ಹಡಗಿನ ಮೂತಿಯ ಕಡೆ. ಆ ಹೊತ್ತಿಗೆ ಹಿಂಭಾಗದ ಡೆಕ್‌ಗಳ ಮೇಲೆ ಕಟ್ಟಡದ ನೆರಳು ಬೀಳುತ್ತದೆ. ಬೆಳಿಗ್ಗೆ ಬಲಕ್ಕೆ, ಹನ್ನೆರಡರಿಂದ ಎರಡು ಹಿಂದಕ್ಕೆ, ಆಮೇಲೆ ಎಡಕ್ಕೆ. ಸೂರ್ಯಾಸ್ತಕ್ಕೆ ಮಾತ್ರ ಮತ್ತೆ ಬಲಕ್ಕೆ ಬನ್ನಿ. ಆ ದಿನ, ಆ ಅಕ್ಷಾಂಶದಲ್ಲಿ ಸಂಜೆ 6.20ರಿಂದ 6.30ರೊಳಗೆ ಮುಳುಗುತ್ತದೆ. ದಿಗಂತದಲ್ಲಿ ಮೋಡ, ಮಬ್ಬು ಎರಡೂ ಇಲ್ಲದಿದ್ದರೆ ಕೊನೆಯ ಅಂಚು ಮುಳುಗುವಾಗ ಒಂದೆರಡು ಸೆಕೆಂಡು ಹಸಿರು ಮಿಂಚು ಕಾಣುವುದುಂಟು. ಅದಕ್ಕೂ ಮುಂಚೆ ಸೂರ್ಯನನ್ನು ನೆಟ್ಟು ನೋಡುತ್ತಾ ಕೂತರೆ ಕಣ್ಣು ಕತ್ತಲಿಟ್ಟು ಆ ಕ್ಷಣವೇ ತಪ್ಪಿಹೋಗುತ್ತದೆ, ಕಣ್ಣಿಗೂ ಒಳ್ಳೆಯದಲ್ಲ.

ಮೈಸೂರ್‌ಪಾಕ್_ಹೋಳು
ಕ್ಯಾಬಿನ್ ಮಾತ್ರ ಮೇಲಿನ ಡೆಕ್‌ನಲ್ಲಿ, ಮುಂಭಾಗದಲ್ಲೇ ತಗೊಳ್ಳಿ. ವ್ಯೂ ಅಲ್ಲೇ ಚೆನ್ನಾಗಿರೋದು. ಈಗಿನ ಹಡಗುಗಳಿಗೆಲ್ಲ ಸ್ಟೆಬಿಲೈಸರ್ ಇರುತ್ತೆ, ಅಲುಗಾಟವೇ ಗೊತ್ತಾಗಲ್ಲ.

ಎಂಜಿನ್_ಮನೆ
ಎರಡೂ ತಪ್ಪು, ಬೇಜಾರಾಗಬೇಡಿ.

ಹಡಗು ಅಲೆ ಹತ್ತಿ ಇಳಿಯುವುದು ಏತದ ಮರದ ಹಾಗೆ. ತುದಿ ಎರಡೂ ಮೇಲೆ ಕೆಳಗೆ ಆಡುತ್ತವೆ, ನಡುವೆ ಕಂಬದ ಹತ್ತಿರ ಆಟ ಕಡಿಮೆ. ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಆದಷ್ಟು ಕೆಳಗಿನ ಡೆಕ್: ವಯಸ್ಸಾದವರಿಗೆ ಇದೇ ಸರಿಯಾದ ಕ್ಯಾಬಿನ್. ಮುಂದಿನ ಮೇಲಿನ ಕ್ಯಾಬಿನ್‌ಗೆ ಮುಂದು ಹಿಂದಿನ ಏರಿಳಿತವೂ ಸಿಗುತ್ತದೆ, ಪಕ್ಕಕ್ಕೆ ವಾಲುವ ಓಲಾಟವೂ ಎತ್ತರದಿಂದಾಗಿ ಹೆಚ್ಚಾಗುತ್ತದೆ.

ಸ್ಟೆಬಿಲೈಸರ್ ಅಂದರೆ ನೀರಿನೊಳಗೆ ಎರಡು ಮಗ್ಗುಲಿಂದ ಚಾಚುವ ರೆಕ್ಕೆ. ವಿಮಾನದ ರೆಕ್ಕೆಯಂತೆಯೇ ಕೆಲಸ; ಅದರ ಮೇಲೆ ನೀರು ವೇಗವಾಗಿ ಹರಿದರೆ ತಾನೇ ಬಲ ಹುಟ್ಟುವುದು? ಪಕ್ಕದ ಓಲಾಟ ಅದರಿಂದ ತಗ್ಗುತ್ತದೆ. ಮೂತಿ ಎದ್ದು ಬೀಳುವುದಕ್ಕೆ ಅದು ಏನೂ ಮಾಡುವುದಿಲ್ಲ. ಹಡಗು ಲಂಗರು ಹಾಕಿ ನಿಂತಾಗಲಂತೂ ಆ ರೆಕ್ಕೆ ಇದ್ದೂ ಇಲ್ಲದ ಹಾಗೆ. ಎಷ್ಟೋ ಜನಕ್ಕೆ ಓಡುವ ಹಡಗಿನಲ್ಲಿ ಏನೂ ಆಗಿರುವುದಿಲ್ಲ, ದ್ವೀಪದೆದುರು ನಿಂತಾಗ ತಲೆ ಸುತ್ತು ಶುರುವಾಗುತ್ತದೆ. ಕಾರಣ ಇದೇ.

ಮುಂಬೈನಿಂದ 2021ರ ಸೆಪ್ಟೆಂಬರಿನಲ್ಲಿ ಓಡಾಟ ಶುರು ಮಾಡಿದ ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು, ಉದ್ದ ಸುಮಾರು 211 ಮೀಟರ್. ಈಗಿನ 300 ಮೀಟರ್ ದಾಟಿದ ದೈತ್ಯರ ಪಕ್ಕದಲ್ಲಿ ಚಿಕ್ಕದು. ಅಷ್ಟುದ್ದದ ಹಡಗಿಗೆ ಅಲೆ ಸ್ವಲ್ಪ ಬೇಗ ತಿಳಿಯುತ್ತದೆ. ಆ ಕಾಲದ ಹಡಗಾದ್ದರಿಂದ ಬಾಲ್ಕನಿ ಕ್ಯಾಬಿನ್‌ಗಳೂ ಕಡಿಮೆ. ಕಿಟಕಿ ಇರುವ ಹೊರ ಕ್ಯಾಬಿನ್ ನೋಡಿ, ನಷ್ಟವಿಲ್ಲ.

ಇನ್ನೊಂದು, ಬುಕ್ ಮಾಡುವಾಗ ಡೆಕ್ ಪ್ಲ್ಯಾನ್ ತೆರೆದು ನಿಮ್ಮ ಕ್ಯಾಬಿನ್‌ನ ಮೇಲೇನಿದೆ, ಕೆಳಗೇನಿದೆ ಅಂತ ನೋಡಿ. ಎರಡೂ ಕಡೆ ಕ್ಯಾಬಿನ್ ಇರಬೇಕು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು. ಅಡುಗೆಮನೆ ಇದ್ದರೆ ಗಾಡಿ ಉರುಳುವ ಸದ್ದು. ಡಿಸ್ಕೊ ಇದ್ದರೆ ಹೇಳುವುದೇ ಬೇಡ.

ಗುಳಿಗೆ_ಚೀಟಿ
ತೊಳಸುವುದರ ಬಗ್ಗೆ. ಕ್ಯಾಬಿನ್ ಒಳಗಿದ್ದಾಗ ಕಣ್ಣು "ಗೋಡೆ ಅಲ್ಲಾಡ್ತಿಲ್ಲ" ಅನ್ನುತ್ತದೆ, ಒಳಕಿವಿ "ಅಲ್ಲಾಡ್ತಿದೆ" ಅನ್ನುತ್ತದೆ. ಈ ಜಗಳವೇ ವಾಂತಿಗೆ ಮೂಲ. ಸುಮಾರು ಐದು ಸೆಕೆಂಡಿಗೊಮ್ಮೆ ಏರಿ ಇಳಿಯುವ ನಿಧಾನದ ಚಲನೆ ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೇ ಹೊರಗೆ ಬಂದು ದಿಗಂತದ ಗೆರೆ ನೋಡಬೇಕು. ಆಗ ಕಣ್ಣು, ಕಿವಿ ಎರಡೂ ಒಂದೇ ಮಾತು ಹೇಳುತ್ತವೆ. ಕ್ಯಾಬಿನ್‌ನಲ್ಲಿ ಮಲಗಿ ಮೊಬೈಲ್ ನೋಡಿದರೆ ನೂರಕ್ಕೆ ನೂರು ಹೆಚ್ಚಾಗುತ್ತದೆ. ಏಳಲಾಗದಿದ್ದರೆ ಕಣ್ಣು ಮುಚ್ಚಿ ಅಂಗಾತ ಮಲಗಿ.

ನಮ್ಮಲ್ಲಿ ಸುಲಭವಾಗಿ ಸಿಗುವ ಗುಳಿಗೆ ಅವೊಮಿನ್ 25 ಮಿ.ಗ್ರಾಂ. ದೊಡ್ಡವರು ಹೊರಡುವ ಹಿಂದಿನ ರಾತ್ರಿ ಒಂದು, ಇಲ್ಲವೇ ಹೊರಡುವ ಒಂದೆರಡು ಗಂಟೆ ಮೊದಲು ಒಂದು ತಗೊಳ್ಳುವುದು ರೂಢಿ. ವಾಂತಿ ಶುರುವಾದ ಮೇಲೆ ನುಂಗಿದರೆ ಗುಳಿಗೆಯೂ ಆಚೆ ಬರುತ್ತದೆ. ಆದರೆ 65 ದಾಟಿದವರು ಅಂದಿರಲ್ಲ, ಅಲ್ಲಿ ಜಾಗ್ರತೆ. ಇದು ಚೆನ್ನಾಗಿ ನಿದ್ದೆ ಬರಿಸುತ್ತದೆ, ಬಾಯಿ ಒಣಗಿಸುತ್ತದೆ. ಗ್ಲಾಕೋಮಾ ಇದ್ದರೆ, ಪ್ರಾಸ್ಟೇಟ್ ದಪ್ಪವಾಗಿ ಮೂತ್ರ ಕಟ್ಟುವ ತೊಂದರೆ ಇದ್ದರೆ, ನಿದ್ದೆಯ ಮಾತ್ರೆ ನಡೆಯುತ್ತಿದ್ದರೆ ನಿಮ್ಮ ಡಾಕ್ಟರನ್ನು ಕೇಳದೆ ಬೇಡ. ಇದರ ಜೊತೆ ಮದ್ಯ ಸುತರಾಂ ಬೇಡ. ಮಂಪರಿನಲ್ಲಿ ಅಲುಗಾಡುವ ಮೆಟ್ಟಿಲು ಇಳಿಯುವುದು ವಾಂತಿಗಿಂತ ದೊಡ್ಡ ಅಪಾಯ. ಒಂದು ಕೈ ಸದಾ ಕಟಕಟೆಯ ಮೇಲಿರಲಿ. ಬಾತ್‌ರೂಮಿನ ಬಾಗಿಲಲ್ಲಿ ಹೊಸ್ತಿಲು ಎತ್ತರವಾಗಿರುತ್ತದೆ, ರಾತ್ರಿ ಎದ್ದಾಗ ಎಡವುವುದು ಅಲ್ಲೇ. ಒಳಗಿನ ದೀಪ ಹಚ್ಚಿಟ್ಟು ಬಾಗಿಲು ಒಂದಿಷ್ಟೇ ತೆರೆದಿಡಿ.

ಧಾರವಾಡ_ಪೇಢಾ
ಏನೂ ತಿನ್ನದ ಉಪವಾಸ ಇದ್ರ ಚಲೋನೋ, ಏನ್ ಹೊಟ್ಟಿ ತುಂಬ ತಿನ್ನಬೇಕ್ರಿ? ಇಲ್ಲೆ ಒಬ್ಬೊಬ್ರು ಒಂದೊಂದು ಹೇಳ್ತಾರ.

ಗುಳಿಗೆ_ಚೀಟಿ
ಎರಡೂ ಬೇಡ್ರಿ. ಖಾಲಿ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ, ತುಂಬಿದ ಹೊಟ್ಟೆ ಕುಲುಕುತ್ತದೆ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಒಣಗಿದ್ದು: ರಸ್ಕು, ಒಗ್ಗರಣೆಯ ಎಣ್ಣೆ ಜಾಸ್ತಿಯಾಗದ ಚುರುಮುರಿ, ಇಡ್ಲಿ, ಸೇಬು. ಹಸಿಶುಂಠಿಯನ್ನು ತೆಳ್ಳಗೆ ಹೆಚ್ಚಿ ಉಪ್ಪು ಸವರಿ ಡಬ್ಬಿಯಲ್ಲಿ ಇಟ್ಟುಕೊಂಡರೆ ಕೆಲವರಿಗೆ ಅನುಕೂಲ. ಹಡಗಿಗೆ ಹಸಿ ತರಕಾರಿ, ಮನೆ ಅಡುಗೆ ಒಯ್ಯಲು ಬಿಡದಿರಬಹುದು, ಪ್ಯಾಕೆಟ್ಟಿನ ಶುಂಠಿ ಮಿಠಾಯಿ ಆದರೆ ತಕರಾರಿಲ್ಲ. ಬೆಳಗಿನ ಬಫೆಯಲ್ಲಿ ಪೂರಿ, ಛೋಲೆ ಕಣ್ಣಿಗೆ ಹಬ್ಬ. ಅಲೆ ಇದ್ದ ದಿನ ಮೊದಲು ಕೈಕೊಡುವುದೂ ಅವೇ.

ಊಟಕ್ಕೆ ಕೂರುವ ಮುಂಚೆ ಸೋಪು ನೀರಿನಲ್ಲಿ 20 ಸೆಕೆಂಡು ಕೈ ತೊಳೆಯಿರಿ. ಬಾಗಿಲಲ್ಲಿ ಸ್ಯಾನಿಟೈಸರ್ ಸಿಂಪಡಿಸುತ್ತಾರೆ ನಿಜ, ಆದರೆ ಹಡಗಿನಲ್ಲಿ ಹೊಟ್ಟೆ ಕೆಡಿಸುವ ನೊರೊವೈರಸ್ ಅದಕ್ಕೆ ಅಷ್ಟು ಬಗ್ಗುವುದಿಲ್ಲ. ಬಡಿಸುವ ಸೌಟು ಎಲ್ಲರ ಕೈ ದಾಟಿ ನಿಮ್ಮ ಕೈಗೆ ಬರುತ್ತದೆ ಅನ್ನುವುದು ನೆನಪಿರಲಿ.

ಕಾಪು_ದೀಪ
ಗಾಳಿಯ ವಿಷಯ ಯಾರೂ ಎತ್ತಲಿಲ್ಲವಲ್ಲ ಮಾರಾಯ್ರೆ! ಕುರ್ಚಿ ಎಲ್ಲಿ ಹಾಕಬೇಕು ಅಂತ ಹೇಳುವುದು ಬಿಸಿಲಿಗಿಂತ ಹೆಚ್ಚಾಗಿ ಗಾಳಿ.

ಮಳೆಗಾಲ ಮುಗಿದ ಮೇಲೆ ಈ ಕರಾವಳಿಯ ಹೊರಗಡಲಿನಲ್ಲಿ ಬೀಸುವುದು ಹೆಚ್ಚಾಗಿ ಉತ್ತರ, ವಾಯವ್ಯದ ಗಾಳಿ. ಗಾಳಿ 12 ನಾಟ್ ಅಂತ ಇಟ್ಟುಕೊಳ್ಳಿ, ಹಡಗು 16 ನಾಟ್. ದಕ್ಷಿಣಕ್ಕೆ ಹೋಗುವಾಗ ಗಾಳಿ ಬೆನ್ನಿಗೆ, ಡೆಕ್ ಮೇಲೆ ನಿಮಗೆ ಸಿಗುವುದು ಬರೀ 4 ನಾಟ್. ಎಲೆ ಅಲ್ಲಾಡದ ಹಾಗೆ ಅನ್ನಿಸುತ್ತದೆ, ಸೆಕೆ, ಮೇಲಾಗಿ ಚಿಮಣಿಯ ಹೊಗೆ ಹಡಗಿನ ಮೇಲೆಯೇ ಸುಳಿದಾಡುತ್ತದೆ. ಅದೇ ಹಡಗು ತಿರುಗಿ ಉತ್ತರಕ್ಕೆ ಬರುವಾಗ 16 ಮತ್ತು 12 ಕೂಡಿ 28 ನಾಟ್, ಗಂಟೆಗೆ 52 ಕಿ.ಮೀ. ಎದುರುಗಾಳಿ! ಟೋಪಿ, ದುಪಟ್ಟಾ, ಪೇಪರ್ ತಟ್ಟೆ ಎಲ್ಲ ಸಮುದ್ರಪಾಲು. ಕಡಲು ಬದಲಾಗಿರುವುದಿಲ್ಲ, ದಿಕ್ಕು ಬದಲಾಗಿದೆ ಅಷ್ಟೆ.

ಹಾಗಾಗಿ ಹೋಗುವಾಗ ಗಾಳಿ ತಾಗುವ ಮುಂಭಾಗದ ತೆರೆದ ಡೆಕ್ ಹುಡುಕಿ, ಬರುವಾಗ ಹಿಂಭಾಗದ ಮರೆ. ಹಿಂಭಾಗದಲ್ಲಿ ಕೂರುವ ಮೊದಲು ತಲೆಯೆತ್ತಿ ಹೊಗೆ ಎತ್ತ ಹೋಗುತ್ತಿದೆ ಅಂತ ನೋಡಿ. ಕಟಕಟೆಯ ಮೇಲೆ ಕೈಯಾಡಿಸಿ, ಕಪ್ಪು ಮಸಿ ಹತ್ತಿದರೆ ಅಲ್ಲಿ ಬಿಳಿ ಬಟ್ಟೆಯಲ್ಲಿ ಕೂರಬೇಡಿ.

ತಂಪು ಗಾಳಿ ಇದ್ದಾಗ ಬಿಸಿಲು ಸುಡುವುದು ಗೊತ್ತಾಗುವುದಿಲ್ಲ; ಕೊಡೆಯಡಿ ಕೂತರೂ ನೀರಿನಿಂದ ಬೆಳಕು ತಿರುಗಿ ಹೊಡೆಯುತ್ತದೆ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಿವಿಯ ಮೇಲ್ತುದಿ, ಪಾದದ ಮೇಲ್ಭಾಗ, ಬೋಳುತಲೆ, ಎಲ್ಲರೂ ಮರೆಯುವ ಜಾಗ ಇವೇ.

ಬಸವನಗುಡಿ_ಬೆಂಚು
ಕಾಪು_ದೀಪ ಅವರೇ, ಈ 4 ಮತ್ತು 28ರ ಲೆಕ್ಕ ಎಲ್ಲೂ ಸಿಕ್ಕಿರಲಿಲ್ಲ, ಧನ್ಯವಾದ. ಜನಜಂಗುಳಿಯ ಬಗ್ಗೆ ಯಾರಾದರೂ ಹೇಳಿ.

ತೂಗುಮಂಚ
ದಡ ಮುಟ್ಟದ ದಿನ ಇಡೀ ಊರೇ ಹಡಗಿನಲ್ಲಿ ಇರುತ್ತದೆ, ಯಾರೂ ಇಳಿದು ಹೋಗಿರುವುದಿಲ್ಲ. ಆದರೆ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ನುಗ್ಗುತ್ತಾರೆ, ಅದೇ ನಮಗೆ ಲಾಭ. ಬೆಳಿಗ್ಗೆ 8.30ರಿಂದ 10 ಬಫೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಹೊತ್ತಿಗೆ ತೆರೆದ ಡೆಕ್ ಖಾಲಿ. 7ಕ್ಕೆ ತಿಂಡಿ ಮುಗಿಸಿ. 11ರಿಂದ ಈಜುಕೊಳದ ಸುತ್ತ ಪಾಟೀಲ, ಪಟೇಲ, ಪಿಳ್ಳೆ ಎಲ್ಲರ ಸಂಸಾರವೂ ಸೇರುತ್ತದೆ, ಸ್ಪೀಕರೂ ಶುರು. ಆಗ ಒಳಗಿನ ದೊಡ್ಡ ಊಟದ ಮನೆ, ಓದುವ ಮೂಲೆ, ರಾತ್ರಿ ಮಾತ್ರ ತುಂಬುವ ಬಾರಿನ ಲೌಂಜ್‌ಗಳು ಬಣಬಣ. ಹಗಲು ಆ ಲೌಂಜ್‌ಗಳ ಕಿಟಕಿ ಪಕ್ಕದ ಸೋಫಾಗಳಷ್ಟು ಒಳ್ಳೆಯ ಜಾಗ ಹಡಗಿನಲ್ಲಿ ಬೇರೆ ಇಲ್ಲ. ಯಾರೂ ಎಬ್ಬಿಸುವುದಿಲ್ಲ, ಏನೂ ಕೊಳ್ಳಲೂಬೇಕಿಲ್ಲ.

ಮಧ್ಯಾಹ್ನದ ಊಟಕ್ಕೆ ಬಫೆ ಬಿಟ್ಟು ಟೇಬಲ್‌ಗೆ ಬಡಿಸುವ ಊಟದ ಮನೆ ತೆರೆದಿದೆಯಾ ಕೇಳಿ. ವಯಸ್ಸಾದವರು ಅಲುಗಾಡುವ ನೆಲದ ಮೇಲೆ ತಟ್ಟೆ ಹಿಡಿದು ಸಾಲು ನಿಲ್ಲುವುದು ತಪ್ಪುತ್ತದೆ. ಸಸ್ಯಾಹಾರ, ಜೈನ ಊಟ ಬುಕ್ ಮಾಡುವಾಗಲೇ ತಿಳಿಸಿ. ಸ್ಪಾ, ಮಸಾಜಿಗೆ ಕಡಲಿನ ದಿನವೇ ಗಿರಾಕಿ ಹೆಚ್ಚು. ಹಡಗು ದಡ ಮುಟ್ಟಿದ ದಿನ ಹೆಚ್ಚಾಗಿ ರಿಯಾಯಿತಿ ಇರುತ್ತದೆ, ಅವಸರ ಮಾಡಬೇಡಿ.

ಕುರ್ಚಿಗೆ ಟವೆಲು ಹಾಸಿ ಜಾಗ ಹಿಡಿಯುವುದು ನಮ್ಮ ಬಸ್ಸಿನ ಕರ್ಚೀಫಿನ ಹಾಗೆ ಎಲ್ಲ ಹಡಗಿನಲ್ಲೂ ಇದೆ. ಎಷ್ಟೋ ಕಡೆ ಅರ್ಧ ಮುಕ್ಕಾಲು ಗಂಟೆ ಯಾರೂ ಬಾರದಿದ್ದರೆ ಸಿಬ್ಬಂದಿ ಟವೆಲು ಎತ್ತುತ್ತಾರೆ. ನೀವೇ ಎತ್ತಿ ಜಗಳ ಕಾಯಬೇಡಿ, ಸಿಬ್ಬಂದಿಗೆ ಹೇಳಿ.

ಈಜುಕೊಳ ಚಿಕ್ಕದು. ಓಲಾಟ ಹೆಚ್ಚಾದರೆ ಕೊಳದ ನೀರು ಹಡಗಿನ ತಾಳಕ್ಕೆ ತಾನೂ ತೂಗಲು ಶುರುಮಾಡಿ ಅಂಚು ದಾಟಿ ಚೆಲ್ಲುತ್ತದೆ. ಆಗ ನೀರು ಇಳಿಸಿ ಬಲೆ ಕಟ್ಟಿಬಿಡುತ್ತಾರೆ. ಕೊಳ ಮುಚ್ಚಿದ್ದು ಕಂಡರೆ ಗುಳಿಗೆಯ ಡಬ್ಬಿ ಹತ್ತಿರ ಇಟ್ಟುಕೊಳ್ಳಿ ಅಂತ ಅರ್ಥ.

ಎಂಜಿನ್_ಮನೆ
ಕ್ಯಾಬಿನ್ ಒಳಗಿನ ನಾಲ್ಕು ವಿಷಯ. ಶೌಚಾಲಯ ವ್ಯಾಕ್ಯೂಮ್ ಪೈಪಿನದು, ಗಾಳಿ ಎಳೆದು ಒಯ್ಯುತ್ತದೆ. ಒದ್ದೆ ವೈಪ್ಸ್, ಪ್ಯಾಡು, ಮಾವಿನ ವಾಟೆ ಏನೇ ಹಾಕಿದರೂ ನಿಮ್ಮದೊಂದೇ ಅಲ್ಲ, ಆ ಸಾಲಿನ ಕ್ಯಾಬಿನ್‌ಗಳೆಲ್ಲ ಕಟ್ಟಿಕೊಳ್ಳುತ್ತವೆ. ನಲ್ಲಿ ನೀರು ಕಡಲ ನೀರನ್ನೇ ಭಟ್ಟಿ ಇಳಿಸಿ ಅಥವಾ ಆರ್‌ಓ ಮಾಡಿ ತಯಾರಿಸಿದ್ದು.

ಸ್ಪೈಕ್ ಬಸ್ಟರ್ ಒಯ್ಯಬೇಡಿ, ತಪಾಸಣೆಯಲ್ಲೇ ಎತ್ತಿಡುತ್ತಾರೆ. ಮನೆಯಲ್ಲಿ ನ್ಯೂಟ್ರಲ್ ತಂತಿ ಭೂಮಿಗೆ ಕಟ್ಟಿರುತ್ತದೆ. ಬಹಳಷ್ಟು ಹಡಗುಗಳಲ್ಲಿ ಹಾಗಿಲ್ಲ, ಎರಡು ತಂತಿಯಲ್ಲೂ ವೋಲ್ಟೇಜ್ ಇರುತ್ತದೆ. ಎಲ್ಲೋ ಒಂದು ಕಡೆ ಲೈನು ಹಡಗಿನ ಒಡಲಿಗೆ ತಾಗಿದರೆ ಸ್ಪೈಕ್ ಬಸ್ಟರ್ ಒಳಗೆ ವೋಲ್ಟೇಜ್ ಜಿಗಿತ (ಸರ್ಜ್) ತಡೆಯಲು ಇಟ್ಟಿರುವ ಬಿಲ್ಲೆ ಕಾದು ಬೆಂಕಿ ಹತ್ತಬಹುದು. ಇಸ್ತ್ರಿಪೆಟ್ಟಿಗೆ, ಕೆಟಲ್ ಕೂಡ ನಿಷಿದ್ಧ. ಸರ್ಜ್ ಇಲ್ಲದ ಸಾದಾ ಯೂನಿವರ್ಸಲ್ ಅಡಾಪ್ಟರ್, ಯುಎಸ್‌ಬಿ ಚಾರ್ಜರ್ ಸಾಕು. ಕ್ಯಾಬಿನ್ ಗೋಡೆ ಹೆಚ್ಚಾಗಿ ಉಕ್ಕಿನ ತಗಡು, ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಚೀಲ, ಟೋಪಿ ತೂಗುಹಾಕಲು ಸಿಕ್ಕಾಪಟ್ಟೆ ಅನುಕೂಲ.

ಬಾಲ್ಕನಿ ಸಿಕ್ಕಿದರೆ ಅದರ ಬಾಗಿಲು ತೆರೆದಿರುವಾಗ ಕ್ಯಾಬಿನ್ ಬಾಗಿಲು ತೆರೆಯಬೇಡಿ. ಗಾಳಿ ನುಗ್ಗಿ ಭಾರದ ಬಾಗಿಲು ಧಡಾರನೆ ಬಡಿಯುತ್ತದೆ, ಬೆರಳು ಸಿಕ್ಕರೆ ಮುಗಿಯಿತು.

ಪೇಟೆ_ಪಾರಿವಾಳ
ಫೋನ್: ಹಡಗು ಹತ್ತಿ ಮನೆಗೆ ಒಂದು ಕರೆ ಮಾಡಿ ಏರೋಪ್ಲೇನ್ ಮೋಡ್‌ಗೆ ಹಾಕಿ. ದಡದ ಸಿಗ್ನಲ್ ಹೋದ ಮೇಲೆ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ತಾನಾಗಿ ಹಿಡಿದುಕೊಂಡರೆ ರೋಮಿಂಗ್ ಬಿಲ್ಲು ಬೇರೆಯೇ ಲೋಕದ್ದು. ವೈಫೈ ಬೇಕಾದರೆ ಏರೋಪ್ಲೇನ್ ಮೋಡ್‌ನಲ್ಲೇ ಆನ್ ಮಾಡಬಹುದು. ಜಿಪಿಎಸ್‌ಗೆ ನೆಟ್ ಬೇಡ. ಆ ಕಡಲಿನ ಆಫ್‌ಲೈನ್ ನಕ್ಷೆ ಮೊದಲೇ ಇಳಿಸಿಕೊಂಡರೆ ಡೆಕ್ ಮೇಲೆ ನಿಂತು ಅಕ್ಷಾಂಶ, ವೇಗ ಎಲ್ಲ ನೋಡಬಹುದು. ಉಕ್ಕಿನ ಕ್ಯಾಬಿನ್ ಒಳಗೆ ಬಾರದು.

ಮಲ್ಪೆ_ಬಂದರು
ದಾರಿಯಲ್ಲಿ ನಮ್ಮ ಕರಾವಳಿ ಕಾಣುತ್ತದಾ? ಮಂಗಳೂರು, ಉಡುಪಿ ದೀಪ ಏನಾದರೂ?

ಚುಕ್ಕಾಣಿ
ಈ ದಾರಿಯಲ್ಲಿ ಇಲ್ಲ. ಮಂಗಳೂರಿನ ನೇರಕ್ಕೆ ಬಂದಾಗ ಹಡಗು ದಡದಿಂದ ಸುಮಾರು 250 ಕಿ.ಮೀ. ಆಚೆ. ದಿಗಂತದ ದೂರ ತಿಳಿಯಲು ಸುಲಭದ ಸೂತ್ರ: ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. 30 ಮೀಟರ್ ಎತ್ತರದ ಡೆಕ್‌ನಿಂದ 20 ಕಿ.ಮೀ. ಸಿಗುತ್ತದೆ. 1,892 ಮೀಟರಿನ ಕುದುರೆಮುಖಕ್ಕೆ 155 ಕಿ.ಮೀ. ಎರಡೂ ಕೂಡಿಸಿದರೂ 175. ಲೆಕ್ಕದಲ್ಲೇ ತಲುಪುವುದಿಲ್ಲ.

ಗೋವಾದಿಂದ ಕೊಚ್ಚಿಗೆ ಹೋಗುವ ಹಡಗಾದರೆ ಮಾತು ಬೇರೆ. ಅದು ದಡದ ಹತ್ತಿರವೇ ಸಾಗಬೇಕು. ರಾತ್ರಿ 8ಕ್ಕೆ ಗೋವಾ ಬಿಟ್ಟು 16 ನಾಟ್‌ನಲ್ಲಿ ಬಂದರೆ ಬೆಳಗಿನ 5ರಿಂದ 6.30ರೊಳಗೆ ಉಡುಪಿ, ಮಂಗಳೂರಿನ ಹೊರಗೆ ಇರುತ್ತದೆ. ಎಡ ಮಗ್ಗುಲಿಗೆ ನಿಲ್ಲಿ. ಕತ್ತಲಲ್ಲಿ ಮೀನುದೋಣಿಗಳ ದೀಪ. ಬೆಳಕು ಹರಿಯುವಾಗ, ಮಬ್ಬಿಲ್ಲದ ದಿನ, ಸೂರ್ಯ ಘಟ್ಟದ ಹಿಂದಿನಿಂದ ಬರುವುದರಿಂದ ಗುಡ್ಡಸಾಲಿನ ಕಪ್ಪು ಅಂಚು ಸ್ಪಷ್ಟವಾಗಿ ಕಾಣುತ್ತದೆ. ಬಿಸಿಲೇರಿದ ಮೇಲೆ ಮಬ್ಬು ಎಲ್ಲ ನುಂಗುತ್ತದೆ.

ನಿಮ್ಮ ದಾರಿಯಲ್ಲಿ ದಡದ ಬದಲು ಆಕಾಶ ನೋಡಿ. ಧ್ರುವ ನಕ್ಷತ್ರದ ಎತ್ತರವೇ ನೀವಿರುವ ಅಕ್ಷಾಂಶ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮುಂಬೈ ಬಿಟ್ಟ ರಾತ್ರಿ ಹಡಗಿನ ಹಿಂದುಗಡೆ, ದಿಗಂತದಿಂದ ಎರಡು ಮುಷ್ಟಿಗೆ ಚೂರು ಕಡಿಮೆ. ಮರುರಾತ್ರಿ ಒಂದೇ ಮುಷ್ಟಿ, ಮೇಲೊಂದು ಬೆರಳು. ಡಿಸೆಂಬರ್ ಕೊನೆಗೆ ರಾತ್ರಿ 12.30ರ ಸುಮಾರಿಗೆ ಅಗಸ್ತ್ಯ ನಕ್ಷತ್ರ ಹಡಗಿನ ಮೂತಿಯ ಮೇಲೆಯೇ ಬಂದು ನಿಲ್ಲುತ್ತದೆ. ಕಪ್ತಾನರ ಕೋಣೆಗೆ ಕಣ್ಣು ಕುಕ್ಕಬಾರದೆಂದು ಮುಂಭಾಗದಲ್ಲಿ ದೀಪ ಕಡಿಮೆ ಇಡುತ್ತಾರೆ, ಅಲ್ಲಿ ಹತ್ತು ನಿಮಿಷ ಫೋನ್ ನೋಡದೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಕಾಪು_ದೀಪ
ಹವಾಮಾನ: ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲಿನ ಮುನ್ಸೂಚನೆ ಕೊಡುತ್ತದೆ, ಅಲೆಯ ಎತ್ತರ ನೋಡಿ. ಒಂದು ಮೀಟರ್ ಆಸುಪಾಸು ಇದ್ದರೆ ಆರಾಮ. ಎರಡೂವರೆ ದಾಟಿದರೆ ನಡೆಯುವಾಗ ಗೋಡೆ ಹಿಡಿಯಬೇಕು. ಡಿಸೆಂಬರ್ ಸಾಮಾನ್ಯವಾಗಿ ಶಾಂತ, ಆದರೆ ತೂಫಾನು ಬಾರದ ತಿಂಗಳು ಅಂತ ಅಲ್ಲ. 2017ರ ಓಖಿ ಲಕ್ಷದ್ವೀಪಕ್ಕೆ ಬಡಿದದ್ದು ಡಿಸೆಂಬರಿನ ಮೊದಲ ದಿನಗಳಲ್ಲೇ. ಜೂನ್–ಸೆಪ್ಟೆಂಬರ್ ಈ ಕಡಲಿನಲ್ಲಿ ನೆಮ್ಮದಿಯ ದಿನ ಕೇಳಬೇಡಿ.

ಮತ್ತೆ, ದೊಡ್ಡ ಹಡಗು ಲಕ್ಷದ್ವೀಪದಲ್ಲಿ ಜೆಟ್ಟಿಗೆ ಬರುವುದಿಲ್ಲ. ಹವಳದ ದಿಬ್ಬದ ಹೊರಗೆ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ದೋಣಿ ಏರಿ ಇಳಿಯುವಾಗ ಕಾಲಿಡುವ ಹೊತ್ತು ನಾವಿಕರು ಹೇಳುತ್ತಾರೆ, ಅವರು ತೋಳು ಹಿಡಿದು ಹೇಳಿದಾಗಲೇ ಹೆಜ್ಜೆ ಇಡಿ. ಕೈಯಲ್ಲಿ ಚೀಲ ಬೇಡ, ಬೆನ್ನಿಗಿರಲಿ. ಅಲೆ ಜೋರಿದ್ದರೆ ಇಳಿಸುವುದೇ ಇಲ್ಲ. ಆಗ ಅದೂ ಒಂದು ಕಡಲಿನ ದಿನ ಅಂದುಕೊಂಡು ಕುರ್ಚಿ ಎಳೆದುಕೊಳ್ಳಬೇಕು, ಬೇರೆ ದಾರಿಯಿಲ್ಲ.

ತೂಗುಮಂಚ
ಒಂದು ಬಿಟ್ಟಿತ್ತು. ಹಡಗು ಹೊರಡುವ ಮೊದಲೇ ಸುರಕ್ಷತಾ ಡ್ರಿಲ್ ಕಡ್ಡಾಯ. 2012ರ ಕೋಸ್ಟಾ ಕಾಂಕಾರ್ಡಿಯಾ ಹಡಗಿನ ದುರಂತದ ನಂತರ ನಿಯಮ ಬಿಗಿಯಾಗಿ 2015ರಿಂದ ಹೀಗಿದೆ. ಏಳು ಚಿಕ್ಕ ಶಿಳ್ಳೆ, ಒಂದು ಉದ್ದ ಶಿಳ್ಳೆ ಕೇಳಿದರೆ ಸೇರುವ ಜಾಗಕ್ಕೆ ಹೋಗಬೇಕು. ಆ ಜಾಗದ ಗುರುತು ನಿಮ್ಮ ಕಾರ್ಡಿನ ಮೇಲೆ ಇರುತ್ತದೆ. ಲಿಫ್ಟ್ ಆಗ ಬಳಸುವಂತಿಲ್ಲ, ಮಂಡಿನೋವಿನವರು ಇದ್ದರೆ ಮೊದಲೇ ಸಿಬ್ಬಂದಿಗೆ ಹೇಳಿಡಿ.

ಬಸವನಗುಡಿ_ಬೆಂಚು
ಕೆಳಗಿನ ಡೆಕ್, ನಡುಭಾಗ, ಕಿಟಕಿ ಇರುವ ಕ್ಯಾಬಿನ್ ಅಂತ ಖಾತ್ರಿ ಆಯಿತು. ಮಗ್ಗುಲು ಒಂದೇ ಉಳಿದದ್ದು. ಸೂರ್ಯಾಸ್ತಕ್ಕೆ ಬಲ ಹಿಡಿಯಲೇ?

ಚುಕ್ಕಾಣಿ
ಹಿಡಿಯಿರಿ. ಹೋಗುವಾಗ ಕಿಟಕಿಯಲ್ಲೇ ಸೂರ್ಯಾಸ್ತ, ಬರುವಾಗ ಅದೇ ಕಿಟಕಿಗೆ ಸೂರ್ಯೋದಯ. ಬೆಳಿಗ್ಗೆ 7ರ ಸುಮಾರಿಗೆ ಬಿಸಿಲು ನೇರ ಹಾಸಿಗೆಗೆ ಬೀಳುತ್ತದೆ, ಹಡಗಿನ ಪರದೆಗಳು ನಡುವೆ ಪೂರ್ತಿ ಕೂಡುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪು ಎರಡು ಒಯ್ಯಿರಿ.